ಪತ್ರದ ಪಡಿಯಚ್ಚು

ಕೆಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ವಿದ್ಯಾಸಂಸ್ಥೆಯ ಕಚೇರಿಗೆ ಒಂದು ಲಕೋಟೆ ಹಿಂದಿರುಗಿ ಬಂದಿತು. ಲಕೋಟೆಗಳು ಹಿಂದಿರುಗುವುದು ಕಚೇರಿಗಳಿಗೆ ಹೊಸದಲ್ಲ. ಮನೆ ಬದಲಾಯಿಸಿದವರು, ಊರು ಬಿಟ್ಟವರು, ಈ ಲೋಕವನ್ನೇ ಬಿಟ್ಟವರು, ಇವರೆಲ್ಲರ ಹೆಸರಿನ ಕಾಗದಗಳು ಅಂಚೆಯವನ ಚೀಲದಲ್ಲಿ ಮರಳಿ ಬರುತ್ತಲೇ ಇರುತ್ತವೆ. ಅವನ್ನು ಕಡತಕ್ಕೆ ಸೇರಿಸಿ ಮರೆತುಬಿಡುವುದು ವಾಡಿಕೆ. ಈ ಲಕೋಟೆಯ ಮೇಲೆ ಅಂಚೆಯವರು ಬರೆದಿದ್ದುದು ಎರಡೇ ಮಾತು: ‘ವಿಳಾಸ ಅಪೂರ್ಣ’. ಒಡೆದು ನೋಡಿದೆವು. ಒಳಗಿದ್ದುದು ಗ್ರಂಥಾಲಯ ಸಹಾಯಕನ ಹುದ್ದೆಗೆ ಅರ್ಜಿ ಹಾಕಿಕೊಂಡಿದ್ದ ಒಬ್ಬ ಯುವಕನಿಗೆ ಕಳುಹಿಸಿದ್ದ ಸಂದರ್ಶನದ ಕರೆ. ಸಂದರ್ಶನ ನಡೆದು ಆಗಲೇ ಒಂಬತ್ತು ದಿನಗಳಾಗಿದ್ದುವು. ವಿಚಿತ್ರವೆಂದರೆ, ಒಳಗಿನ ಕಾಗದದಲ್ಲಿ ಆ ಯುವಕನ ವಿಳಾಸ ತಾಲ್ಲೂಕು, ಜಿಲ್ಲೆ, ಪಿನ್ ಸಂಖ್ಯೆಗಳ ಸಮೇತ ಸಂಪೂರ್ಣವಾಗಿಯೇ ಇದ್ದಿತು. ಬರೆದ ಗುಮಾಸ್ತರದು ತಪ್ಪಲ್ಲ, ಅಂಚೆಯವರದೂ ತಪ್ಪಲ್ಲ. ತಪ್ಪು ಇದ್ದುದು ಆ ಪತ್ರ ಯಾವ ಪಡಿಯಚ್ಚಿನಿಂದ ಹೊರಬಂದಿತ್ತೋ ಆ ಪಡಿಯಚ್ಚಿನಲ್ಲಿ. ಅದನ್ನು ಸಿದ್ಧಪಡಿಸಿದವನು ನಾನು.

ಇಂದಿನ ಈ ಮಾತುಗಳಿಗೆ ಆ ಲಕೋಟೆಯೇ ಪ್ರೇರಣೆ. ಸಂಸ್ಥೆಯೊಂದರ ಅಧಿಕೃತ ಪತ್ರಗಳಿಗಾಗಿ ಕಂಪ್ಯೂಟರಿನ ಅಚ್ಚುಜೋಡಣೆಯಲ್ಲಿ ಒಂದು ಪಡಿಯಚ್ಚನ್ನು ಹೊಂದಿಸಿಕೊಳ್ಳುವ ಕೆಲಸ ಸಾಹಿತ್ಯಾಸಕ್ತರಾದ ತಮಗೆ ನೀರಸವೆಂದು ತೋರಬಹುದು. ತಲೆಯ ಮೇಲೆ ಲಾಂಛನ, ಬಲಕ್ಕೆ ದಿನಾಂಕ, ಕೆಳಗೆ ಸಹಿ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ನಾನೂ ಹಾಗೆಯೇ ಎಣಿಸಿದ್ದೆ. ಎರಡು ಸಂಜೆಯ ಕೆಲಸವೆಂದು ಒಪ್ಪಿಕೊಂಡದ್ದು ಐದು ತಿಂಗಳು ಹಿಡಿಯಿತು.

ಅದು 2009ನೆಯ ಇಸವಿ. ನಮ್ಮ ಸಂಸ್ಥೆಯಲ್ಲಿ ನಾಲ್ಕು ವಿಭಾಗಗಳು, ನಾಲ್ಕು ಬಗೆಯ ಲೆಟರ್‌ಹೆಡ್ಡುಗಳು. ಒಂದರಲ್ಲಿ ಲಾಂಛನ ಎಡಕ್ಕೆ, ಇನ್ನೊಂದರಲ್ಲಿ ನಡುವೆ. ಮೂರನೆಯದರಲ್ಲಿ ಯಾರೋ ಅದನ್ನು ಅಡ್ಡಕ್ಕೆ ಎಳೆದು, ದುಂಡಗಿದ್ದ ದೀಪದ ಹಣತೆ ದೋಣಿಯಾಗಿಬಿಟ್ಟಿತ್ತು. ಸಂಸ್ಥೆಯ ಹೆಸರಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳು. ಹೊಸ ಪತ್ರ ಬರೆಯುವ ಕ್ರಮವೆಂದರೆ ಹಳೆಯ ಪತ್ರವೊಂದನ್ನು ತೆರೆದು, ಹೆಸರು ಅಳಿಸಿ ಹೆಸರು ತುಂಬುವುದು. ಹೀಗೆ ತುಂಬುವಾಗ ಹಿಂದಿನ ಪತ್ರದ ಯಾವುದಾದರೊಂದು ಚೂರು ಉಳಿದುಬಿಡುವುದು ಸಹಜ. ನಿವೃತ್ತರಾಗುತ್ತಿದ್ದ ಒಬ್ಬ ಹಿರಿಯ ಅಧ್ಯಾಪಕರಿಗೆ ಹೋದ ಅಭಿನಂದನಾ ಪತ್ರದಲ್ಲಿ ‘ವಿಷಯ: ನೀರಿನ ತೊಟ್ಟಿಯ ದುರಸ್ತಿ’ ಎಂದಿತ್ತು. ಅವರು ರಸಿಕರಾದ್ದರಿಂದ ನಕ್ಕು ಅದಕ್ಕೆ ಚೌಕಟ್ಟು ಹಾಕಿಸಿ ಇಟ್ಟುಕೊಂಡರು. ಪ್ರಾಂಶುಪಾಲರು ಮಾತ್ರ ನಗಲಿಲ್ಲ. ನನ್ನನ್ನು ಕರೆಸಿ, “ಮೇಷ್ಟ್ರೇ, ನೀವು ಕಂಪ್ಯೂಟರಿನಲ್ಲಿ ಪುಸ್ತಕವನ್ನೇ ಜೋಡಿಸುತ್ತೀರಂತಲ್ಲ, ನಮ್ಮ ಕಾಗದಗಳಿಗೆಲ್ಲ ಒಂದೇ ಅಚ್ಚು ಮಾಡಿಕೊಡಿ” ಎಂದರು. ಗಣಿತ ವಿಭಾಗದ ಗೆಳೆಯರಿಂದ ಆ ವಿದ್ಯೆಯನ್ನು ಅಷ್ಟಿಷ್ಟು ಕಲಿತಿದ್ದ ಕನ್ನಡ ಅಧ್ಯಾಪಕ ನಾನೊಬ್ಬನೇ ಆದ್ದರಿಂದ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

ಪತ್ರಕ್ಕೆ ಪಡಿಯಚ್ಚು ಎಂಬುದು ಯಂತ್ರದ ಜೊತೆಗೆ ಬಂದ ಕಲ್ಪನೆಯೇನೂ ಅಲ್ಲ. ನಮ್ಮ ಹಿರಿಯರು ಬರೆಯುತ್ತಿದ್ದ ಕಾಗದಗಳನ್ನು ನೆನೆದುಕೊಳ್ಳಿ. ತಲೆಯ ಮೇಲೆ ‘ಶ್ರೀ’, ಮೂಲೆಯಲ್ಲಿ ‘ಕ್ಷೇಮ’. ತಂದೆಗೆ ಬರೆದರೆ ‘ತೀರ್ಥರೂಪರ ಪಾದಾರವಿಂದಗಳಿಗೆ’, ಮಗನಿಗೆ ಬರೆದರೆ ‘ಚಿರಂಜೀವಿಗೆ ಆಶೀರ್ವಾದಗಳು’. ಆಮೇಲೆ ‘ಉಭಯಕುಶಲೋಪರಿ ಸಾಂಪ್ರತ’ ಎಂಬ ಸೇತುವೆಯನ್ನು ದಾಟಿದ ನಂತರವೇ ಹಣ ಬೇಕು, ಅಕ್ಕಿ ಕಳುಹಿಸಿ ಎಂಬ ಸಮಾಚಾರ. ಇದಕ್ಕೆ ಒಕ್ಕಣೆ ಎಂಬ ಸೊಗಸಾದ ಹೆಸರೇ ಇದೆ. ಮದುವೆಯ ಕಾಗದದ ಮೂಲೆಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ನಮ್ಮ ಮನೆಗೆ ಸಾವಿನ ಸುದ್ದಿ ತಂದ ಕಾಗದದಲ್ಲಿ ಶ್ರೀಕಾರವಿರಲಿಲ್ಲ. ಅಜ್ಜಿಗೆ ಓದು ಬರುತ್ತಿರಲಿಲ್ಲವಾದರೂ ಬರಿದಾದ ಆ ತಲೆಯನ್ನು ನೋಡಿಯೇ ಅವಳು ಕುಸಿದು ಕುಳಿತದ್ದು ನನಗೆ ನೆನಪಿದೆ. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಶಾಸನಗಳು ಬಹುಮಟ್ಟಿಗೆ ‘ಸ್ವಸ್ತಿ’ ಎಂದು ಮೊದಲಾಗಿ, ಅರಸನ ಬಿರುದು, ದಾನ ಕೊಟ್ಟ ಭೂಮಿ, ಅದರ ಎಲ್ಲೆಗಳು ಎಂಬ ಕ್ರಮದಲ್ಲಿ ಸಾಗಿ, ದಾನವನ್ನು ಕೆಡಿಸಿದವರಿಗೆ ಪಾಪ ತಟ್ಟಲೆಂಬ ಶಾಪದೊಂದಿಗೆ ಮುಗಿಯುತ್ತವೆ. ಬರೆಯುವ ಕವಿ, ಕಡೆಯುವ ಶಿಲ್ಪಿ ಬೇರೆಯಾದರೂ ಅಚ್ಚು ಒಂದೇ. ಕಚೇರಿಯ ಫೈಲಿಗೆ ನಾವು ಇಂದಿಗೂ ಕಡತವೆನ್ನುತ್ತೇವೆ. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಹಳೆಯ ಕಡತದ ಹೆಸರು ಅದು. ವಸ್ತು ಹೋಯಿತು, ಮಾತು ಉಳಿಯಿತು.

ಇನ್ನು ನಾನು ಬಳಸಿದ ಸಲಕರಣೆಯ ಮಾತು. 1977ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗಣಕವಿಜ್ಞಾನಿ ಡೊನಾಲ್ಡ್ ಕನೂತ್ ಅವರಿಗೆ ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂದಿತು. ಮೊದಲ ಆವೃತ್ತಿ ಸೀಸದ ಮೊಳೆಗಳಲ್ಲಿ ಜೋಡಣೆಯಾಗಿದ್ದುದು; ಅಷ್ಟರಲ್ಲಿ ಪ್ರಕಾಶಕರು ಛಾಯಾಚಿತ್ರದ ಮೂಲಕ ಅಕ್ಷರ ಮೂಡಿಸುವ ಹೊಸ ಯಂತ್ರಕ್ಕೆ ಬದಲಾಯಿಸಿದ್ದರು. ಪುಟಗಳು ಕನೂತರಿಗೆ ಸಹಿಸಲಸಾಧ್ಯವಾಗಿ ಕಂಡುವು. ಅವರು ಪುಸ್ತಕವನ್ನು ಬದಿಗಿಟ್ಟು, ಅಚ್ಚುಜೋಡಣೆಯ ಒಂದು ವ್ಯವಸ್ಥೆಯನ್ನು ತಾವೇ ರಚಿಸಲು ಕುಳಿತರು. ಕೆಲವು ತಿಂಗಳುಗಳಲ್ಲಿ ಮುಗಿಯುವುದೆಂದುಕೊಂಡದ್ದು ಸುಮಾರು ಹತ್ತು ವರ್ಷ ಹಿಡಿಯಿತು. ನನ್ನ ಎರಡು ಸಂಜೆ ಐದು ತಿಂಗಳಾದಾಗ ಇದನ್ನು ನೆನೆದು ಸಮಾಧಾನಪಟ್ಟುಕೊಂಡಿದ್ದೆ. ಆ ವ್ಯವಸ್ಥೆಯ ಹೆಸರು ಟೆಕ್. ಅದನ್ನು ಅವರು ಎಲ್ಲರಿಗೂ ಉಚಿತವಾಗಿ ಕೊಟ್ಟರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬವರು ಅದರ ಮೇಲೆ ಲೇಟೆಕ್ ಎಂಬ ಸುಲಭ ರೂಪವನ್ನು ಕಟ್ಟಿದರು. ಇದರ ಮೂಲತತ್ತ್ವ ಸರಳವಾದುದು. ಬರೆಯುವವನು ‘ಇದನ್ನು ದಪ್ಪಕ್ಷರದಲ್ಲಿ ನಡುವೆ ಹಾಕು’ ಎಂದು ಹೇಳುವುದಿಲ್ಲ. ‘ಇದು ವಿಷಯ, ಇದು ವಿಳಾಸ, ಇದು ಸಂಬೋಧನೆ, ಇದು ಮುಕ್ತಾಯ’ ಎಂದು ಭಾಗಗಳಿಗೆ ಹೆಸರಿಡುತ್ತಾನೆ, ಅಷ್ಟೆ. ವಿಷಯ ಎಲ್ಲಿ ಕೂರಬೇಕು, ಎಷ್ಟು ಎಡೆ ಬಿಡಬೇಕು ಎಂಬುದನ್ನೆಲ್ಲ ಪಡಿಯಚ್ಚು ಮೊದಲೇ ನಿರ್ಧರಿಸಿರುತ್ತದೆ. ಹಳೆಯ ಅಚ್ಚುಕೂಟದಲ್ಲಿ ಹಸ್ತಪ್ರತಿ ಕೊಟ್ಟ ಲೇಖಕನಿಗೂ ಮೊಳೆ ಜೋಡಿಸುತ್ತಿದ್ದ ಕಂಪೋಸಿಟರನಿಗೂ ಇದ್ದ ಕಾರ್ಯವಿಭಾಗವೇ ಇದು. ಕಂಪೋಸಿಟರನ ಜಾಗದಲ್ಲಿ ಯಂತ್ರ ಕುಳಿತಿದೆ.

ಲೇಟೆಕ್‌ನೊಡನೆ ಪತ್ರಕ್ಕೆಂದೇ ಒಂದು ಪಡಿಯಚ್ಚು ಬರುತ್ತದೆ. ಆದರೆ ಅದು ಅಮೆರಿಕದ ಕೂಸು. ಬೇರೆಯಾಗಿ ಹೇಳದಿದ್ದರೆ ಎಂಟೂವರೆ ಅಂಗುಲ ಅಗಲ, ಹನ್ನೊಂದು ಅಂಗುಲ ಉದ್ದದ ಅಲ್ಲಿಯ ಕಾಗದವೇ ಲೋಕವೆಂದು ಅದು ಭಾವಿಸಿಕೊಳ್ಳುತ್ತದೆ. ಆದ್ದರಿಂದ ಗೆಳೆಯರು ನನಗೆ ಕೋಮಾ-ಸ್ಕ್ರಿಪ್ಟ್ ಎಂಬ ಇನ್ನೊಂದು ಕಂತೆಯನ್ನು ತೋರಿಸಿದರು. ಜರ್ಮನಿಯ ಮಾರ್ಕುಸ್ ಕೋಮ್ ಎಂಬವರು 1994ರಿಂದ ಬೆಳೆಸಿಕೊಂಡು ಬಂದಿರುವುದು. ಅದರ ಪತ್ರದ ಪಡಿಯಚ್ಚಿನಲ್ಲಿ ತಿರುಗಿಸಲಾಗದ ತಿರುಪೇ ಇಲ್ಲವೆನ್ನಬಹುದು. ಸಂಸ್ಥೆಗೆ ಸಂಬಂಧಿಸಿದ ಎಲ್ಲವನ್ನೂ, ಎಂದರೆ ಹೆಸರು, ಲಾಂಛನ, ಅಳತೆ, ಮುಕ್ತಾಯದ ಮಾತುಗಳನ್ನು, ಒಂದು ಪ್ರತ್ಯೇಕ ಕಡತದಲ್ಲಿ ಬರೆದಿಟ್ಟರೆ ಪತ್ರ ಬರೆಯುವವರು ಅದನ್ನು ಒಂದೇ ಸಾಲಿನಲ್ಲಿ ಕರೆದುಕೊಂಡರಾಯಿತು. ಜರ್ಮನಿಗೆ ಒಂದು, ಸ್ವಿಟ್ಜರ್ಲೆಂಡಿಗೆ ಒಂದು, ಫ್ರಾನ್ಸಿಗೆ ಒಂದು, ಜಪಾನಿಗೆ ಹಲವು, ಹೀಗೆ ಸಿದ್ಧವಾದ ಕಡತಗಳು ಅದರಲ್ಲಿದ್ದುವು. ನಮಗೆ ಬೇಕಾದುದು ಇರಲಿಲ್ಲ. ಜರ್ಮನಿಯದನ್ನು ಎತ್ತಿಕೊಂಡು ತಿದ್ದತೊಡಗಿದೆ.

ಜರ್ಮನರ ಶಿಸ್ತಿನ ಬಗೆಗೆ ನಾವು ಕೇಳಿರುತ್ತೇವೆ. ಅವರ ಪತ್ರವನ್ನು ಅಳೆದು ನೋಡಿದಾಗ ಅದು ಅರ್ಥವಾಗುತ್ತದೆ. ನಾವೆಲ್ಲ ಬಳಸುವ ಎ4 ಕಾಗದವೇ ಅವರ 1922ರ ಮಾನಕದಿಂದ ಬಂದದ್ದು. ಪತ್ರದಲ್ಲಿ ವಿಳಾಸದ ಚೌಕ ಕಾಗದದ ಮೇಲಂಚಿನಿಂದ 45 ಮಿಲಿಮೀಟರು ಕೆಳಗೆ, ಎಡ ಅಂಚಿನಿಂದ 20 ಮಿಲಿಮೀಟರು ಒಳಗೆ. ಅಗಲ 85, ಎತ್ತರ 45. ಮಡಿಸುವ ಗುರುತುಗಳು 105ರಲ್ಲಿ ಒಂದು, 210ರಲ್ಲಿ ಒಂದು. ಎಡ ಅಂಚಿನಲ್ಲಿ ಕೂದಲೆಳೆಯಂಥ ಗೆರೆಗಳು. ಆ ಗುರುತಿಗೆ ಸರಿಯಾಗಿ ಮಡಿಸಿ ಲಕೋಟೆಯೊಳಗಿಟ್ಟರೆ ವಿಳಾಸ ತಾನಾಗಿಯೇ ಲಕೋಟೆಯ ಪಾರದರ್ಶಕ ಕಿಟಕಿಯ ಹಿಂದೆ ಬಂದು ನಿಲ್ಲುತ್ತದೆ. ಲಕೋಟೆಯ ಮೇಲೆ ವಿಳಾಸವನ್ನು ಇನ್ನೊಮ್ಮೆ ಬರೆಯುವ ಕೆಲಸವಿಲ್ಲ; ಒಬ್ಬರ ಕಾಗದ ಇನ್ನೊಬ್ಬರ ಲಕೋಟೆಗೆ ಸೇರುವ ಭಯವಿಲ್ಲ. ಚೌಕದ ನೆತ್ತಿಯಲ್ಲಿ ಕಳುಹಿಸಿದವರ ವಿಳಾಸ ಒಂದು ಸಣ್ಣ ಸಾಲಿನಲ್ಲಿ, ಕೆಳಗೆ ಸ್ವೀಕರಿಸುವವರ ವಿಳಾಸ. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ಕಿಟಕಿಯ ಲಕೋಟೆಗಳನ್ನು ನಮ್ಮ ಊರಿನ ಲೇಖನಸಾಮಗ್ರಿಯ ಅಂಗಡಿಯಿಂದ ಐದು ಸಾವಿರ ತರಿಸಿದೆವು.

ಆದರೆ ಮೊದಲು ಕನ್ನಡದ ಕಡೆಯಿಂದ ಬಂದ ತೊಡಕುಗಳನ್ನು ಹೇಳಬೇಕು. ಅಕ್ಷರಗಳದು ಒಂದು. ನಮ್ಮ ಕಚೇರಿಯ ಹಳೆಯ ಕನ್ನಡ ಕಡತಗಳೆಲ್ಲ ಯೂನಿಕೋಡಿಗೆ ಮುಂಚಿನ ಲಿಪಿಗಳಲ್ಲಿದ್ದುವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷಿನ ಅಸಂಬದ್ಧ ಅಕ್ಷರಗಳು. ಜೊನಾಥನ್ ಕ್ಯೂ ಎಂಬವರು 2004ರಲ್ಲಿ ಹೊರತಂದ ಝೀಟೆಕ್ ಯೂನಿಕೋಡನ್ನು ನೇರವಾಗಿ ಓದಬಲ್ಲುದಾದ್ದರಿಂದ ಒತ್ತಕ್ಷರ, ಅರ್ಕಾವೊತ್ತುಗಳು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತವು. ಆದರೆ ಕುಳಿತುಕೊಳ್ಳಲು ಅವಕ್ಕೆ ಜಾಗ ಬೇಕು. ರೋಮನ್ ಅಕ್ಷರ ಸಾಲಿನ ಮೇಲೆ ನಿಲ್ಲುತ್ತದೆ. ಕನ್ನಡ ಅಕ್ಷರ ಸಾಲಿನ ಕೆಳಗೆ ಒಂದು ನೆಲಮಾಳಿಗೆಯನ್ನು ತೋಡಿಕೊಂಡಿರುತ್ತದೆ. ‘ರಾಷ್ಟ್ರ’ ಎಂಬ ಮಾತಿನ ಎರಡು ಒತ್ತುಗಳನ್ನು ನೆನೆದರೆ ಸಾಕು. ಇಂಗ್ಲಿಷಿಗೆ 4 ಮಿಲಿಮೀಟರಿಗೆ ಒಂದು ಸಾಲು ಧಾರಾಳವಾಗಿದ್ದರೆ ನಮ್ಮ ಪತ್ರಕ್ಕೆ 6 ಮಿಲಿಮೀಟರು ಬೇಕಾಯಿತು. ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಎರಡನೆಯದು ವಿಭಕ್ತಿಯ ತೊಡಕು. ವ್ಯಾಕರಣ ಕಲಿಸಿ ಹೊಟ್ಟೆ ಹೊರೆದ ನನಗೆ ಇದು ತಿಳಿದಿರಬೇಕಿತ್ತು. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ಒಂದು ಪುಟ್ಟ ಮಾತನ್ನಿಟ್ಟರೆ ಕೆಲಸ ಮುಗಿಯಿತು. ಹೆಸರು ಹೆಸರಾಗಿಯೇ ಉಳಿಯುತ್ತದೆ. ಕನ್ನಡದ ಪ್ರತ್ಯಯವಾದರೋ ಹೆಸರಿನ ಬಾಲಕ್ಕೆ ಅಂಟಿ, ಅಂಟುವಾಗ ಬಾಲವನ್ನು ನೋಡಿ ವೇಷ ಹಾಕುತ್ತದೆ. ಮಂಡ್ಯದಿಂದ, ಶಿರಸಿಯಿಂದ, ಬೆಂಗಳೂರಿನಿಂದ. ರಾಮಯ್ಯನಿಗೆ, ಲಕ್ಷ್ಮಿಗೆ, ಗುರುವಿಗೆ. ಪಡಿಯಚ್ಚಿನಲ್ಲಿ ಒಂದು ಖಾಲಿ ಜಾಗ ಬಿಟ್ಟು ಮುಂದೆ ‘ಇಂದ’ ಎಂದು ಅಚ್ಚು ಹಾಕಿದರೆ ಯಂತ್ರ ‘ಮಂಡ್ಯಇಂದ’ ಎಂದು ಉಗುಳುತ್ತದೆ. ಮೊದಲ ದಿನದ ಪ್ರತಿಗಳಲ್ಲಿ ಇಂಥವು ಮೂವತ್ತಾದರೂ ಇದ್ದುವು.

ಆಗ ನನಗೆ ಕಚೇರಿಯ ಕನ್ನಡದ ಬಗೆಗೆ ಒಂದು ಹೊಸ ಗೌರವ ಹುಟ್ಟಿತೆಂದು ಒಪ್ಪಿಕೊಳ್ಳಬೇಕು. ‘ಇವರಿಗೆ’, ‘ಇವರಿಂದ’ ಎಂದು ಮೊದಲೇ ಬರೆದು, ಕೆಳಗೆ ಹೆಸರನ್ನು ಪ್ರಥಮಾ ವಿಭಕ್ತಿಯಲ್ಲಿ ನಿಲ್ಲಿಸುವ ಆ ಒಕ್ಕಣೆಯನ್ನು ನಾವು ಸಾಹಿತ್ಯದವರು ಜಡವೆಂದು ಹಾಸ್ಯಮಾಡುತ್ತೇವೆ. ಆದರೆ ಅದು ಯಾವನೋ ಜಾಣ ಗುಮಾಸ್ತ ಖಾಲಿ ನಮೂನೆಗಳಿಗಾಗಿ ಕಂಡುಕೊಂಡ ಉಪಾಯವಿದ್ದೀತು. ಹೆಸರು ಯಾವುದೇ ಬರಲಿ, ಬಾಲ ಕತ್ತರಿಸಬೇಕಾಗಿಲ್ಲ. ಹಾಗೆಯೇ ಪಂಡಿತರಿಗೆ ತಲೆನೋವು ತರುವ ‘ರವರು’. ರಾಯರು, ಗೌಡರು ಮೊದಲಾದ ಬಹುವಚನದ ಹೆಸರಿಗೆ ‘ಅವರು’ ಸೇರಿದಾಗ ‘ರಾಯರವರು’ ಎಂದಾಗುವುದು ಸಹಜ. ಆ ತುಂಡು ಯಾವುದೋ ಅಚ್ಚಾದ ನಮೂನೆಯಲ್ಲಿ ಉಳಿದುಕೊಂಡು, ಅಮ್ಮಂದಿರಿಗೂ ಅಯ್ಯಂದಿರಿಗೂ ‘ಸೀತಮ್ಮ ರವರಿಗೆ’, ‘ರಾಮಯ್ಯ ರವರಿಗೆ’ ಎಂದು ಅಂಟಿತೆಂದು ನನ್ನ ಊಹೆ. ಅಚ್ಚು ಭಾಷೆಯನ್ನು ಹಿಡಿಯಲು ಹೋಗಿ ಭಾಷೆಯೇ ಅಚ್ಚಿನಂತಾಯಿತು. ನಾನು ‘ಅವರಿಗೆ’ ಎಂಬುದನ್ನು ಬಿಡಿಯಾದ ಪದವಾಗಿ ಇಟ್ಟೆ. ಊರಿನ ಹೆಸರುಗಳಿರುವ ವಾಕ್ಯಗಳನ್ನೆಲ್ಲ ಮುರಿದು, ಖಾಲಿ ಜಾಗಕ್ಕೆ ಪ್ರತ್ಯಯದ ಸೋಂಕು ತಗಲದಂತೆ ಬರೆದೆ.

ಸಂಬೋಧನೆಯ ವಿಷಯದಲ್ಲಿ ಕನ್ನಡ ನಮ್ಮನ್ನು ಕಾಪಾಡಿತು. ‘ಮಾನ್ಯರೇ’ ಎಂಬ ಮಾತಿಗೆ ಗಂಡು ಹೆಣ್ಣಿನ ಭೇದವಿಲ್ಲ. ಇಂಗ್ಲಿಷಿನವರು ‘ಡಿಯರ್ ಸರ್’ ಎಂದು ಬರೆದು, ತೆರೆದು ಓದುವವರು ಹೆಂಗಸಾದರೆ ಎಂದು ಓರೆಗೆರೆ ಹಾಕಿ ‘ಮೇಡಂ’ ಸೇರಿಸಿ ಪಡುವ ಪಾಡು ನಮಗಿಲ್ಲ. ಮುಕ್ತಾಯಕ್ಕೆ ‘ತಮ್ಮ ವಿಧೇಯ’ ಬೇಕೋ ‘ತಮ್ಮ ವಿಶ್ವಾಸಿ’ ಬೇಕೋ ಎಂಬುದರ ಮೇಲೆ ಸಿಬ್ಬಂದಿಯ ಸಭೆಯಲ್ಲಿ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಬ್ರಿಟಿಷರ ಕಾಲದ ಅಧಿಕಾರಿ ಅರ್ಜಿದಾರನ ಕೋರಿಕೆಯನ್ನು ಕಡ್ಡಿ ಮುರಿದಂತೆ ನಿರಾಕರಿಸಿ, ಕೆಳಗೆ ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂದು ಸಹಿ ಹಾಕಬಲ್ಲವನಾಗಿದ್ದ. ಆ ವಿನಯ ನಮಗೆ ಬೇಡವೆಂದಾಯಿತು, ವಿಶ್ವಾಸಿ ಗೆದ್ದ. ಜರ್ಮನರ ಪತ್ರದಲ್ಲಿ ನಿಮ್ಮ ಉಲ್ಲೇಖ, ನಿಮ್ಮ ಪತ್ರದ ದಿನಾಂಕ, ನಮ್ಮ ಉಲ್ಲೇಖ ಎಂಬುವು ಒಂದೇ ಸಾಲಿನಲ್ಲಿ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಒಂದು, ಎರಡು, ಮೂರು ಎಂದು ಇಳಿಯುತ್ತ ಹೋಗುತ್ತದೆ. ಹಳೆಯ ವ್ಯವಹಾರವಾದರೆ ಏಳೆಂಟು. ಆ ಸಾಲನ್ನು ಕಿತ್ತು ಪಟ್ಟಿ ಮಾಡಿದೆ.

ನಮ್ಮ ಕಚೇರಿಯ ಅಧೀಕ್ಷಕರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಒಬ್ಬ ಮಹಿಳೆ. ಟೈಪ್‌ರೈಟರಿನ ಕಾಲದಿಂದ ಬಂದವರು. ಯಂತ್ರದ ಬಗೆಗೆ ಅವರಿಗೆ ಭಯವೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ನನ್ನ ಮೊದಲ ಪ್ರತಿಯನ್ನು ಕೈಗೆತ್ತಿಕೊಂಡು, “ಸಹಿಗೂ ಹೆಸರಿಗೂ ನಡುವೆ ಮೊಹರು ಎಲ್ಲಿ ಒತ್ತಲಿ, ಮೇಷ್ಟ್ರೇ? ನನ್ನ ಹಣೆಯ ಮೇಲೋ?” ಎಂದು ಕೇಳಿದರು. ಅಲ್ಲಿ 25 ಮಿಲಿಮೀಟರು ಬಿಟ್ಟೆ. ಎಡ ಅಂಚು ಸಾಲದೆಂದರು; ಕಡತದ ದಾರಕ್ಕೆ ತೂತು ಹೊಡೆದರೆ ಮೊದಲಕ್ಷರ ಹಾರಿಹೋಗುತ್ತದೆ. ಅಂಚನ್ನು ಹೆಚ್ಚಿಸಿದೆ. ಗೌರವಸೂಚಕವನ್ನು ತುಂಬದಿದ್ದರೆ ತಾನಾಗಿಯೇ ‘ಶ್ರೀ’ ಬರುವಂತೆ ನಾನು ಮಾಡಿದ್ದುದನ್ನು ಕಂಡುಹಿಡಿದವರೂ ಅವರೇ. “ಸಂಬಳದ ಪತ್ರದಲ್ಲಿ ನನ್ನನ್ನು ಗಂಡಸು ಮಾಡಿದ್ದೀರಿ” ಎಂದರು. ತುಂಬದಿದ್ದರೆ ಯಂತ್ರ ಮುಂದುವರಿಯದೆ ನಿಂತು ಕೇಳುವಂತೆ ಬದಲಾಯಿಸಿದೆ. ಪಡಿಯಚ್ಚಿನಲ್ಲಿ ಒಳ್ಳೆಯದೆನ್ನಬಹುದಾದುದರ ಅರ್ಧಭಾಗ ಅವರದು.

ಇಷ್ಟೆಲ್ಲ ಆದ ಮೇಲೆ, ಕಿಟಕಿಯ ಲಕೋಟೆಯನ್ನು ಪರೀಕ್ಷಿಸಿದವನು ನಾನೇ. ನನ್ನ ಮನೆಯ ವಿಳಾಸವನ್ನು ಹಾಕಿ ಅಚ್ಚು ತೆಗೆದು, ಮಡಿಸಿ, ಲಕೋಟೆಯಲ್ಲಿಟ್ಟು ನೋಡಿದೆ. ಹೆಸರು, ಮನೆಯ ಸಂಖ್ಯೆ ಮತ್ತು ರಸ್ತೆ, ಬಡಾವಣೆ, ಊರು ಮತ್ತು ಪಿನ್. ನಾಲ್ಕು ಸಾಲು, ಕಿಟಕಿಯ ನಡುವೆ ಚಿತ್ರಪಟದಂತೆ ಕುಳಿತಿದ್ದುವು. ಪ್ರಾಂಶುಪಾಲರ ವಿಳಾಸ ಹಾಕಿ ನೋಡಿದೆ, ಅದೂ ನಾಲ್ಕು. ಸಂತೋಷವಾಯಿತು. ಮುಂದಿನ ವಾರದಿಂದಲೇ ಪತ್ರಗಳು ಹೊಸ ಅಚ್ಚಿನಲ್ಲಿ ಹೊರಟವು. ಗ್ರಂಥಾಲಯದ ಹುದ್ದೆಯ ಕರೆಗಳು ಅವುಗಳಲ್ಲಿ ಮೊದಲನೆಯವು.

ಹಿಂದಿರುಗಿ ಬಂದ ಲಕೋಟೆಯ ಕಾಗದವನ್ನು ಮೇಜಿನ ಮೇಲೆ ಹರಡಿ ಅಧೀಕ್ಷಕರು ಸ್ಕೇಲು ಇಟ್ಟು ಅಳೆದರು. ಜರ್ಮನಿಯ ಮಾನಕದಲ್ಲಿ ಕಿಟಕಿಗೆ 45 ಮಿಲಿಮೀಟರು ಎತ್ತರ. ನಮ್ಮ ಅಂಗಡಿಯವನು ಕೊಟ್ಟಿದ್ದ ಲಕೋಟೆಯ ಕಿಟಕಿ 35. ಅಂಥ ವ್ಯತ್ಯಾಸವಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನೆತ್ತಿಯ ಮೇಲೆ ನಮ್ಮದೇ ಸಂಸ್ಥೆಯ ವಿಳಾಸದ ಸಾಲಿಗೆ 5 ಹೋಯಿತು. ಉಳಿದ 30ರಲ್ಲಿ, 6 ಮಿಲಿಮೀಟರಿಗೊಂದು ಸಾಲಿನಂತೆ, ಐದು ಸಾಲು. ಯುವಕನ ವಿಳಾಸ ಎಂಟು ಸಾಲಿನದು. ಹೆಸರು, ಬಿನ್ ಎಂದು ತಂದೆಯ ಹೆಸರು, ಮನೆಯ ಸಂಖ್ಯೆ, ದೇವಸ್ಥಾನದ ಬೀದಿ, ಹೊಸಹಳ್ಳಿ. ಇಲ್ಲಿಗೆ ಕಿಟಕಿ ಮುಗಿಯಿತು. ಅಂಚೆ ಮತ್ತು ಹೋಬಳಿ, ತಾಲ್ಲೂಕು, ಜಿಲ್ಲೆ ಮತ್ತು ಪಿನ್ ಸಂಖ್ಯೆಗಳು ಕಾಗದದ ಲಕೋಟೆಯ ಹಿಂದೆ ಕತ್ತಲಲ್ಲಿದ್ದುವು. ಹೊಸಹಳ್ಳಿಯೆಂಬ ಹೆಸರಿನ ಊರು ನಮ್ಮ ನಾಡಿನಲ್ಲಿ ಒಂದೆರಡಲ್ಲ. ಒಂದೇ ಹೆಸರಿನ ಊರುಗಳ ಗೊಂದಲವನ್ನು ಬಿಡಿಸಲೆಂದೇ 1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಆರಂಕಿಯ ಪಿನ್ ಸಂಖ್ಯೆಯನ್ನು ತಂದರು; ಅದನ್ನೇ ನಾನು ಮುಚ್ಚಿದ್ದೆ. ನಮ್ಮ ವಿಳಾಸವನ್ನು ಮಾತ್ರ ಎಲ್ಲ ಲಕೋಟೆಗಳಲ್ಲಿಯೂ ಸ್ಪಷ್ಟವಾಗಿ ಕಾಣುವಂತೆ ಇಟ್ಟಿದ್ದೆನಾದ್ದರಿಂದ ಪತ್ರ ಹಿಂದಿರುಗುವುದಕ್ಕೆ ಯಾವ ಅಡ್ಡಿಯೂ ಆಗಲಿಲ್ಲ.

“ನಿಮ್ಮ ವಿಳಾಸಕ್ಕೆ ನಾಲ್ಕು ಸಾಲು ಸಾಕು, ಮೇಷ್ಟ್ರೇ. ನಮ್ಮೂರಿನವರಿಗೆ ಸಾಲದು” ಎಂದರು ಅಧೀಕ್ಷಕರು. ಅವರ ಧ್ವನಿಯಲ್ಲಿ ಆಕ್ಷೇಪವಿರಲಿಲ್ಲ. ಆ ಅಭ್ಯಾಸದ ಕಣ್ಣುಗಳು ರವಾನೆ ಪುಸ್ತಕವನ್ನು ತೆರೆದು, ಆ ವಾರ ಹೋದ ಪತ್ರಗಳಲ್ಲಿ ಐದು ಸಾಲಿಗೆ ಮೀರಿದ ವಿಳಾಸಗಳೆಷ್ಟೆಂದು ಎಣಿಸತೊಡಗಿದ್ದುವು. ಹದಿನೇಳು ಸಿಕ್ಕವು. ಹದಿನಾರು ಹೇಗೋ ತಲುಪಿದ್ದುವು. ಹಳ್ಳಿಯ ಹೆಸರು ಅಪರೂಪದ್ದಾಗಿದ್ದಿರಬಹುದು, ಅಥವಾ ಕಾಗದ ಲಕೋಟೆಯೊಳಗೆ ಮೇಲಕ್ಕೆ ಜಾರಿದ್ದಿರಬಹುದು.

ಹುದ್ದೆ ತುಂಬಿಹೋಗಿತ್ತು. ಆಯ್ಕೆಯಾದವರು ಕೆಲಸಕ್ಕೆ ಸೇರಿಯೂ ಆಗಿತ್ತು, ಅವರದೇನೂ ತಪ್ಪಿರಲಿಲ್ಲ. ಪ್ರಾಂಶುಪಾಲರು ಯುವಕನಿಗೆ ನಡೆದುದನ್ನು ತಿಳಿಸಿ ಬರೆಯುವಂತೆ ನನಗೇ ಹೇಳಿದರು. ಪಡಿಯಚ್ಚನ್ನು ತೆರೆದು ಕುಳಿತೆ. ‘ವಿಷಯ’ ಎಂಬಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ‘ತಮ್ಮ ಸಂದರ್ಶನದ ಕರೆಯು ತಲುಪದಿರುವ ಬಗ್ಗೆ’ ಎಂದು ಬರೆದರೆ ಕಾಗದವೇ ತನ್ನಿಂದ ತಾನು ದಾರಿ ತಪ್ಪಿದಂತಾಗುತ್ತದೆ. ಉಲ್ಲೇಖಕ್ಕೆ ಆ ಹಿಂದಿರುಗಿದ ಪತ್ರದ ಸಂಖ್ಯೆಯನ್ನೇ ಹಾಕಬೇಕು. ಅದನ್ನು ಅವನು ಕಂಡೇ ಇಲ್ಲ. ನಾನು ಸೇರಿಸಿಟ್ಟಿದ್ದ ಸಿದ್ಧವಾಕ್ಯಗಳಲ್ಲಿ ತಿಳಿಸಲಾಗಿದೆ, ಸೂಚಿಸಲಾಗಿದೆ, ಪರಿಶೀಲಿಸಲಾಗುವುದು ಎಲ್ಲವೂ ಇದ್ದುವು; ತಪ್ಪು ನನ್ನದು ಎನ್ನುವುದಕ್ಕೆ ಒಂದೂ ಇರಲಿಲ್ಲ. ಕಡೆಗೆ ಬಿಳಿಯ ಹಾಳೆಯ ಮೇಲೆ ಕೈಯಲ್ಲೇ ಬರೆದೆ. ಮೂಲ ಕರೆಯನ್ನೂ ಜೊತೆಯಲ್ಲಿಟ್ಟೆ. ಮುಂದೆ ಹುದ್ದೆ ತೆರವಾದಾಗ ಮೊದಲು ತಿಳಿಸುವುದಾಗಿ ಪ್ರಾಂಶುಪಾಲರು ಹೇಳಿದ್ದುದನ್ನೂ ಸೇರಿಸಿದೆ. ಎರಡು ವಾರಗಳ ನಂತರ ಒಂದು ಅಂಚೆ ಕಾರ್ಡು ಬಂದಿತು. ಕಾಗದ ತಲುಪಿತು, ಈ ಊರಿನ ಶಾಲೆಯಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೇನೆ, ಕರೆ ಬಂದಿದೆಯೇ ಎಂದು ಅಂಚೆ ಕಚೇರಿಗೆ ದಿನವೂ ಹೋಗಿ ಕೇಳುತ್ತಿದ್ದೆ, ಎಂದಿತ್ತು. ಮೂಲೆಯಲ್ಲಿ ತನ್ನ ವಿಳಾಸವನ್ನು ಎಂಟು ಸಾಲುಗಳಲ್ಲಿ ಅಂದವಾಗಿ ಬರೆದಿದ್ದ.

ಪಡಿಯಚ್ಚನ್ನು ಬಿಚ್ಚಿ ಮತ್ತೆ ಕಟ್ಟಿದೆ. ನಮ್ಮ ವಿಳಾಸದ ಸಾಲನ್ನು ಕಿಟಕಿಯಿಂದ ಹೊರಗೆ ಹಾಕಿ, ಲಕೋಟೆಯ ಹಿಂಬದಿಯಲ್ಲಿ ಅಚ್ಚು ಮಾಡಿಸಿದೆವು. ವಿಳಾಸದ ಅಕ್ಷರವನ್ನು ತುಸು ಕಿರಿದು ಮಾಡಿ ಸಾಲಿಗೆ ಐದೂವರೆ ಮಿಲಿಮೀಟರು ಕೊಟ್ಟೆ. ಎಂಟು ಸಾಲಿಗೆ 44. ಉಳಿದಿದ್ದ ಲಕೋಟೆಗಳನ್ನು ಒಳಗಿನ ಟಪ್ಪಾಲಿಗೆ ಬಿಟ್ಟು, ಲಕೋಟೆ ತಯಾರಿಸುವವರಲ್ಲಿಗೇ ಹೋಗಿ 50 ಮಿಲಿಮೀಟರಿನ ಕಿಟಕಿ ಕತ್ತರಿಸಿಕೊಡಿರೆಂದು ಕೇಳಿದೆವು. ಲಕೋಟೆಗೆ ಹದಿನೈದು ಪೈಸೆ ಹೆಚ್ಚಾಯಿತು, ಲೆಕ್ಕಪತ್ರದವರು ಗೊಣಗಿದರು. ಎಂಟಕ್ಕೂ ಮೀರಿದ ವಿಳಾಸವಾದರೆ ಯಂತ್ರ ಅಚ್ಚು ತೆಗೆಯಲು ನಿರಾಕರಿಸಿ, ಸಾದಾ ಲಕೋಟೆಯ ಮೇಲೆ ಕೈಯಿಂದ ಬರೆಯಿರಿ ಎಂದು ಹೇಳುತ್ತದೆ. ಸಿದ್ಧವಾಕ್ಯಗಳ ಪಟ್ಟಿಗೆ ಇನ್ನೊಂದು ವಾಕ್ಯ ಸೇರಿತು: ‘ಇದು ನಮ್ಮ ಕಚೇರಿಯಿಂದ ಆದ ತಪ್ಪು.’ ಅದನ್ನು ಯಾರು ಎಷ್ಟು ಸಲ ಬಳಸಿದರೆಂಬ ಲೆಕ್ಕ ನನ್ನಲ್ಲಿಲ್ಲ.

ಹೊಸ ಅಚ್ಚಿನ ಮೊದಲ ಪ್ರತಿಯನ್ನು, ಹೊಸಹಳ್ಳಿಯ ವಿಳಾಸದೊಂದಿಗೆ, ಅಧೀಕ್ಷಕರ ಕೈಗೆ ಕೊಟ್ಟೆ. ಅವರು ಅದನ್ನು ಓದಲಿಲ್ಲ. ಗುರುತಿಗೆ ಸರಿಯಾಗಿ ಮಡಿಸಿ, ಲಕೋಟೆಯಲ್ಲಿಟ್ಟು, ಲಕೋಟೆಯನ್ನು ಮೊದಲು ಕೆಳ ಅಂಚಿನ ಮೇಲೆ, ಆಮೇಲೆ ಪಕ್ಕಕ್ಕೆ, ಮೇಜಿಗೆ ಎರಡೆರಡು ಸಲ ಕುಟ್ಟಿದರು. ಕನ್ನಡಕವನ್ನು ಹಣೆಗೆ ಏರಿಸಿ ಕಿಟಕಿಯೊಳಗೆ ನೋಡಿದರು. ಆರು ಅಂಕಿಗಳೂ ಕಾಣುತ್ತಿದ್ದುವು.